ರೆಪೊ ದರ, ಬೆಲೆ ಸೂಚ್ಯಂಕ, ತಿಂಗಳ ಸಂಬಳ: ನಾನು ಲೆಕ್ಕ ನೋಡುವ ಕ್ರಮ

ರೆಪೊ ದರ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ) ಇಳಿಯಿತು, ಹಣದುಬ್ಬರ ತಗ್ಗಿತು, ರಫ್ತು ಕುಸಿಯಿತು ಎಂದು ಸುದ್ದಿ ಬರುತ್ತಲೇ ಇರುತ್ತದೆ. ಸಂಬಳ ನಂಬಿದ ಮನೆಗೆ ಅದರಿಂದ ಏನಾಗುತ್ತದೆ ಎಂಬುದು ಮಾತ್ರ ಆ ಸುದ್ದಿಯಲ್ಲಿ ಸಿಗುವುದಿಲ್ಲ. ಅದು ಸಿಗುವುದು ಮೂರು ಕಾಗದಗಳಲ್ಲಿ: ಸಾಲದ ಸ್ಟೇಟ್‌ಮೆಂಟ್, ಅಂಗಡಿ ಬಿಲ್ಲು, ಸಂಬಳ ಚೀಟಿ. ಕಾರ್ಖಾನೆ ನೌಕರರ ಪತ್ತಿನ ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಸಾಲ ಕೇಳಿಕೊಂಡು ಬರುವ ಸದಸ್ಯರ ಜೊತೆ ಕೂತು ಈ ಕಾಗದಗಳನ್ನು ಯಾವ ಕ್ರಮದಲ್ಲಿ ಓದುತ್ತೇನೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸಾಲದಿಂದ ಶುರು ಮಾಡುತ್ತೇನೆ, ಯಾಕೆಂದರೆ ದುಡ್ಡು ಸದ್ದಿಲ್ಲದೆ ಅತಿ ಹೆಚ್ಚು ಸೋರುವ ಜಾಗ ಅದು.

ಸಾಲದ ಸ್ಟೇಟ್‌ಮೆಂಟ್

2019ರ ಅಕ್ಟೋಬರ್ 1ರಿಂದ ಈಚೆಗೆ ಬ್ಯಾಂಕುಗಳು ಕೊಟ್ಟಿರುವ ಬದಲಾಗುವ ಬಡ್ಡಿಯ ಗೃಹಸಾಲಗಳು ಹೊರಗಿನ ಒಂದು ಮಾನದಂಡಕ್ಕೆ ಕಟ್ಟಿಕೊಂಡಿರಬೇಕು. ಹೆಚ್ಚಿನ ಬ್ಯಾಂಕುಗಳು ಇದಕ್ಕೆ ರಿಸರ್ವ್ ಬ್ಯಾಂಕಿನ ರೆಪೊ ದರವನ್ನೇ ಇಟ್ಟುಕೊಂಡಿವೆ. ಅದರ ಮೇಲೆ ಬ್ಯಾಂಕು ಸೇರಿಸುವ ಭಾಗಕ್ಕೆ ಸ್ಪ್ರೆಡ್ ಎನ್ನುತ್ತಾರೆ. ರೆಪೊ 4, ಸ್ಪ್ರೆಡ್ 3 ಆದರೆ ನಿಮ್ಮ ಬಡ್ಡಿ ಶೇ. 7. ಮೂರು ತಿಂಗಳಿಗೊಮ್ಮೆಯಾದರೂ ಈ ದರವನ್ನು ಮರುಹೊಂದಿಸಲೇಬೇಕು. ಹೌಸಿಂಗ್ ಫೈನಾನ್ಸ್ ಕಂಪನಿಯಿಂದ ಸಾಲ ತೆಗೆದವರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅವರ ಬಡ್ಡಿ ಕಂಪನಿಯದೇ ಆದ ಮೂಲ ದರದ ಮೇಲೆ ನಿಂತಿರುತ್ತದೆ. ಏರುವಾಗ ಬೇಗ, ಇಳಿಯುವಾಗ ನಿಧಾನ. ಹಾಗಾಗಿ ಸಾಲ ಕೊಟ್ಟದ್ದು ಬ್ಯಾಂಕೋ ಕಂಪನಿಯೋ ಎಂಬುದನ್ನು ಮೊದಲು ನೋಡುತ್ತೇನೆ.

ರೆಪೊ ದರ 2020ರ ಮೇ ತಿಂಗಳಲ್ಲಿ ಶೇ. 4ಕ್ಕೆ ಇಳಿದು ಎರಡು ವರ್ಷ ಅಲ್ಲೇ ಇತ್ತು. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ಶೇ. 6.5ಕ್ಕೆ ಏರಿತು. ಬಡ್ಡಿ ಕಡಿಮೆಯಿದ್ದ ಕಾಲದಲ್ಲಿ ಮನೆ ಕಟ್ಟಿದವರಿಗೆ ಇದು ಹೇಗೆ ತಟ್ಟಿತು ಎಂಬುದಕ್ಕೆ ಒಂದು ಲೆಕ್ಕ ಹಾಕೋಣ. ಸಾಲ 20 ಲಕ್ಷ, ಬಡ್ಡಿ ಶೇ. 7, ಅವಧಿ 20 ವರ್ಷ. ಕಂತು 15,506 ರೂಪಾಯಿ. ಎರಡು ವರ್ಷ ತಪ್ಪದೆ ಕಟ್ಟಿದ ಮೇಲೆ ಬಾಕಿ ಸುಮಾರು 19.01 ಲಕ್ಷ. ಈಗ ಬಡ್ಡಿ ಶೇ. 9.5 ಆಯಿತು ಎನ್ನಿ. ನಿಜದಲ್ಲಿ ದರ ಆರು ಮೆಟ್ಟಿಲಾಗಿ ಏರಿತು. ಲೆಕ್ಕ ಸುಲಭವಾಗಲೆಂದು ಇಲ್ಲಿ ಒಂದೇ ಸಲ ಏರಿಸಿದ್ದೇನೆ.

ಆ ತಿಂಗಳ ಬಡ್ಡಿಯೇ 15,053 ರೂಪಾಯಿ. ಕಂತು ಹಳೆಯದೇ ಇದ್ದರೆ ಅಸಲಿಗೆ ಜಮೆಯಾಗುವುದು 453 ರೂಪಾಯಿ. ಉಳಿದಿದ್ದ 216 ಕಂತು ಈಗ 448 ಆಗುತ್ತದೆ. 18 ವರ್ಷದ ಸಾಲ 37 ವರ್ಷ ದಾಟಿತು, ಮನೆಯವರಿಗೆ ಮಾತ್ರ ಗೊತ್ತೇ ಆಗುವುದಿಲ್ಲ, ಏಕೆಂದರೆ ಖಾತೆಯಿಂದ ಪ್ರತಿ ತಿಂಗಳು ಹೋಗುವ ಮೊತ್ತ ಬದಲಾಗಿಲ್ಲ. ಅವಧಿ ಸಾಲಗಾರರ ನಿವೃತ್ತಿ ವಯಸ್ಸನ್ನು ಮೀರುವಂತಿದ್ದರೆ ಬ್ಯಾಂಕು ಅಷ್ಟು ಎಳೆಯದೆ ಕಂತನ್ನೂ ಏರಿಸುತ್ತದೆ. ವಯಸ್ಸು ಚಿಕ್ಕದಿದ್ದವರ ಸಾಲ ಮಾತ್ರ ಹೀಗೆ ಉದ್ದವಾಗುತ್ತಲೇ ಹೋಗುತ್ತದೆ.

216 ಕಂತಿನಲ್ಲೇ ಮುಗಿಸಬೇಕೆಂದರೆ ತಿಂಗಳಿಗೆ 18,404 ರೂಪಾಯಿ ಬೇಕು, ಅಂದರೆ 2,898 ಹೆಚ್ಚು. ಅಷ್ಟು ಆಗದು ಎನ್ನುವವರಿಗೆ 17,000 ಮಾಡಿ ಎನ್ನುತ್ತೇನೆ. ತಿಂಗಳಿಗೆ 1,494 ರೂಪಾಯಿ ಹೆಚ್ಚಿಸಿದರೆ 448 ಕಂತು 275ಕ್ಕೆ ಇಳಿಯುತ್ತದೆ. ಮೊದಲ ಸಾವಿರ, ಒಂದೂವರೆ ಸಾವಿರಕ್ಕೆ ಇರುವ ಬಲ ಆಮೇಲಿನದಕ್ಕೆ ಇರುವುದಿಲ್ಲ. ಅಸಲಿಗೆ 453 ಹೋಗುತ್ತಿದ್ದ ಕಡೆ 1,947 ಹೋಗಲು ಶುರುವಾಗುವುದೇ ಇದಕ್ಕೆ ಕಾರಣ.

ಇದನ್ನು ನೀವೇ ನೋಡಿಕೊಳ್ಳಬಹುದು. ಬಾಕಿ ಅಸಲನ್ನು ಬಡ್ಡಿ ದರದಿಂದ ಗುಣಿಸಿ 1,200ರಿಂದ ಭಾಗಿಸಿ, ಆ ತಿಂಗಳ ಬಡ್ಡಿ ಸಿಗುತ್ತದೆ. ಕಂತಿನಲ್ಲಿ ಅದನ್ನು ಕಳೆದರೆ ಉಳಿಯುವುದು ಅಸಲಿನ ಪಾಲು. ಈ ಪಾಲು ಕಂತಿನ ಹತ್ತರಲ್ಲೊಂದು ಭಾಗಕ್ಕಿಂತ ಕಡಿಮೆ ಇದ್ದರೆ ಆ ವಾರವೇ ಬ್ಯಾಂಕಿಗೆ ಹೋಗಿ ಎನ್ನುವುದು ನಾನು ಪಾಲಿಸುವ ಅಳತೆ. ಇನ್ನೆಷ್ಟು ಕಂತು ಎಂದು ತಿಳಿಯಲು ಎಕ್ಸೆಲ್‌ನಲ್ಲಿ ಎನ್‌ಪಿಇಆರ್ ಎಂಬ ಸೂತ್ರವಿದೆ. ತಿಂಗಳ ಬಡ್ಡಿ, ಮೈನಸ್ ಚಿಹ್ನೆ ಹಾಕಿದ ಕಂತು, ಬಾಕಿ, ಈ ಮೂರನ್ನು ಕೊಟ್ಟರೆ ಸಾಕು. ವಾರ್ಷಿಕ ದರವನ್ನು 12ರಿಂದ ಭಾಗಿಸದೆ ಹಾಕುವುದು, ಮೈನಸ್ ಬಿಡುವುದು, ಇವೆರಡರಿಂದಲೇ ಹೆಚ್ಚಿನವರ ಉತ್ತರ ತಪ್ಪುತ್ತದೆ. ಸೂತ್ರವು ಉತ್ತರದ ಬದಲು ದೋಷ ತೋರಿಸಿ, ನೀವು ಹಾಕಿದ್ದೆಲ್ಲ ಸರಿಯಿದ್ದರೆ, ನಿಮ್ಮ ಕಂತು ಬಡ್ಡಿಗೂ ಸಾಲುತ್ತಿಲ್ಲ ಎಂದು ಅರ್ಥ.

2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸೂಚನೆ ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ದರ ಮರುಹೊಂದಿಸುವಾಗ ಕಂತು ಏರಿಸುವುದೋ, ಅವಧಿ ಬೆಳೆಸುವುದೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುವುದೋ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕು. ಈವರೆಗೆ ವಸೂಲಾದ ಅಸಲು ಮತ್ತು ಬಡ್ಡಿ, ಕಂತಿನ ಮೊತ್ತ, ಉಳಿದ ಕಂತುಗಳ ಸಂಖ್ಯೆ, ವಾರ್ಷಿಕ ದರ, ಇಷ್ಟೂ ಇರುವ ಸ್ಟೇಟ್‌ಮೆಂಟನ್ನು ಮೂರು ತಿಂಗಳಿಗೊಮ್ಮೆ ಕೊಡಬೇಕು. ಬಾಯಿಮಾತಿನಲ್ಲಿ ಕೇಳಿದರೆ ಕೆಲಸ ಮುಂದೆ ಹೋಗುವುದಿಲ್ಲ. ಸಾಲದ ಖಾತೆ ಸಂಖ್ಯೆ, ಈಗಿನ ಕಂತು, ಬೇಕಾದ ಕಂತು, ಯಾವ ತಿಂಗಳಿಂದ ಎಂಬ ನಾಲ್ಕು ಸಾಲಿನ ಅರ್ಜಿ ಬರೆದು, ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬರಬೇಕು. ಖಾತೆಯಿಂದ ಹಣ ತಾನಾಗಿಯೇ ಕಡಿತವಾಗುವ ಎನ್‌ಎಸಿಎಚ್ ಮೂಲಕ ಕಂತು ಹೋಗುತ್ತಿದ್ದರೆ ಅದರ ಗರಿಷ್ಠ ಮಿತಿಯನ್ನೂ ನೋಡಿ. ಮಿತಿ 16,000 ಇದ್ದು ಕಂತು 17,000 ಆದರೆ ಕಂತು ಬೌನ್ಸ್ ಆಗುತ್ತದೆ, ದಂಡ ಬೀಳುತ್ತದೆ, ಸಿಬಿಲ್ ಅಂಕಕ್ಕೂ ಪೆಟ್ಟು.

ಬೋನಸ್ ಬಂದಾಗ ಸಾಲಕ್ಕೆ ಕಟ್ಟುವವರಿಗೆ ಇನ್ನೊಂದು ಮಾತು. ವ್ಯಕ್ತಿಗಳು ಪಡೆದ ಬದಲಾಗುವ ಬಡ್ಡಿಯ ಗೃಹಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡವಿಲ್ಲ. ಮೇಲಿನ ಉದಾಹರಣೆಯಲ್ಲಿ, 18,404ರ ಕಂತು ಇರುವಾಗ 50,000 ರೂಪಾಯಿ ಒಟ್ಟಿಗೆ ಕಟ್ಟಿದರೆ ಕೊನೆಯಲ್ಲಿ 14 ಕಂತು ಕಡಿಮೆಯಾಗುತ್ತದೆ, ಎಂದರೆ ಎರಡೂವರೆ ಲಕ್ಷಕ್ಕೂ ಹೆಚ್ಚು. ಆದರೆ ಅರ್ಜಿಯಲ್ಲಿ "ಕಂತು ಹಾಗೇ ಇರಲಿ, ಅವಧಿ ಇಳಿಸಿ" ಎಂದು ಬರೆಯಲೇಬೇಕು. ಬರೆಯದಿದ್ದರೆ ಕಂತು ನಾಲ್ಕೈದು ನೂರು ಇಳಿಯಬಹುದು, ಅವಧಿ ಹಾಗೇ ಉಳಿಯುತ್ತದೆ.

2025ರ ಫೆಬ್ರುವರಿಯಿಂದ ದರ ಇಳಿಯತೊಡಗಿ ಡಿಸೆಂಬರ್ ಹೊತ್ತಿಗೆ ರೆಪೊ ಶೇ. 5.25ಕ್ಕೆ ಬಂತು. ಇಳಿತದ ಕಾಲದಲ್ಲೂ ನಾನು ಹೇಳುವುದು ಕಂತು ಮುಟ್ಟಬೇಡಿ ಎಂದೇ. ಅದೇ ಉದಾಹರಣೆಯಲ್ಲಿ 18,404ರಂತೆ ಮೂರು ವರ್ಷ ಕಟ್ಟಿ, 17.62 ಲಕ್ಷ ಬಾಕಿ, 180 ಕಂತು ಉಳಿದಿರುವಾಗ ಬಡ್ಡಿ ಶೇ. 9.5ರಿಂದ 8.25ಕ್ಕೆ ಬಂದರೆ ಕಂತು 17,098ಕ್ಕೆ ಇಳಿಸಿಕೊಳ್ಳಬಹುದು, ತಿಂಗಳಿಗೆ 1,306 ಉಳಿತಾಯ. 18,404ನ್ನೇ ಕಟ್ಟುತ್ತಾ ಹೋದರೆ 157 ಕಂತಿಗೆ ಸಾಲ ಮುಗಿಯುತ್ತದೆ, ಒಟ್ಟು ಪಾವತಿಯಲ್ಲಿ ಸುಮಾರು 1.9 ಲಕ್ಷ ಉಳಿಯುತ್ತದೆ. ಬೇರೆ ಕಡೆ ದುಬಾರಿ ಸಾಲ ಇದ್ದವರು ಮಾತ್ರ ಕಂತು ಇಳಿಸಿಕೊಂಡು, ಆ 1,306ನ್ನು ಆ ಸಾಲಕ್ಕೆ ಕಟ್ಟಲಿ. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇ. 3.5 ಬಿದ್ದರೆ ವರ್ಷಕ್ಕೆ ಶೇ. 42, ಅಂಥದ್ದನ್ನು ಇಟ್ಟುಕೊಂಡು ಗೃಹಸಾಲಕ್ಕೆ ಹೆಚ್ಚು ಕಟ್ಟುವುದರಲ್ಲಿ ಅರ್ಥವಿಲ್ಲ.

ಹೊಸ ಗ್ರಾಹಕರಿಗೆ ನಿಮ್ಮದೇ ಬ್ಯಾಂಕು ಎಷ್ಟು ಸ್ಪ್ರೆಡ್ ಹಾಕುತ್ತಿದೆ ಎಂದು ಅದರ ವೆಬ್‌ಸೈಟಿನಲ್ಲಿ ನೋಡಿ. ನಿಮ್ಮದಕ್ಕಿಂತ ಕಡಿಮೆ ಇದ್ದರೆ ಅದೇ ದರ ಕೇಳಿ. ಸಾಮಾನ್ಯವಾಗಿ ಒಂದು ಶುಲ್ಕ ತೆಗೆದುಕೊಂಡು ಬದಲಿಸಿಕೊಡುತ್ತಾರೆ.

ಅಂಗಡಿ ಬಿಲ್ಲು

ಹಣದುಬ್ಬರ ಶೂನ್ಯದ ಹತ್ತಿರ ಬಂತು ಎಂದು 2025ರ ನವೆಂಬರ್‌ನಲ್ಲಿ ಸುದ್ದಿಯಾದಾಗ, ನಮ್ಮ ಮನೆಯಲ್ಲಿ ಯಾಕೆ ಏನೂ ಕಡಿಮೆಯಾಗಿಲ್ಲ ಎಂಬ ಪ್ರಶ್ನೆ ಎಲ್ಲ ಕಡೆ ಕೇಳಿಬಂತು. ಪ್ರಶ್ನೆ ಸರಿಯಾದದ್ದೇ. ಆ ಅಕ್ಟೋಬರ್‌ನ ಚಿಲ್ಲರೆ ಹಣದುಬ್ಬರ ಶೇ. 0.25. ಅದು ಹಿಂದಿನ ವರ್ಷದ ಅದೇ ತಿಂಗಳ ಜೊತೆಗಿನ ಹೋಲಿಕೆ. ಆ ಹಿಂದಿನ ಅಕ್ಟೋಬರ್‌ನಲ್ಲಿ ಅದು ಶೇ. 6.21 ಇತ್ತು. ಎರಡನ್ನೂ ಸೇರಿಸಿದರೆ ಎರಡು ವರ್ಷದಲ್ಲಿ ಬೆಲೆ ಸುಮಾರು ಶೇ. 6.5 ಮೇಲಿದೆ. ಹಣದುಬ್ಬರ ಇಳಿಯಿತು ಎಂದರೆ ಬೆಲೆ ಏರುವ ವೇಗ ಇಳಿಯಿತು ಎಂದಷ್ಟೇ. ಏರಿದ್ದು ಏರಿದ ಜಾಗದಲ್ಲೇ ಇರುತ್ತದೆ.

ಎರಡನೆಯ ಕಾರಣ ತೂಕ, ಅಂದರೆ ಸೂಚ್ಯಂಕದಲ್ಲಿ ಪ್ರತಿ ಬಗೆಯ ಖರ್ಚಿಗೆ ಕೊಟ್ಟಿರುವ ಪಾಲು. ಆಗ ಬಳಕೆಯಲ್ಲಿದ್ದ 2012 ಆಧಾರ ವರ್ಷದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಕ್ಕೆ ಶೇ. 45.86 ತೂಕ, ವಸತಿಗೆ 10.07, ಶಿಕ್ಷಣಕ್ಕೆ 4.46 ಇತ್ತು. ಬಾಡಿಗೆ ಮನೆಯಲ್ಲಿದ್ದು ಇಬ್ಬರು ಮಕ್ಕಳ ಶಾಲಾ ಶುಲ್ಕ ಕಟ್ಟುವ ಮನೆಯ ಖರ್ಚು ಈ ಅಚ್ಚಿಗೆ ಕೂರುವುದಿಲ್ಲ. ಹಾಗಾಗಿ ಪ್ರತಿ ಮನೆಯೂ ತನ್ನದೇ ಸೂಚ್ಯಂಕ ಮಾಡಿಕೊಳ್ಳಬೇಕು ಎನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ಅದಕ್ಕೆ ಒಂದು ನೋಟ್‌ಬುಕ್ಕಿನ ಎರಡು ಪುಟ ಸಾಕು.

ಒಂದು ಮಾದರಿ ಕೊಡುತ್ತೇನೆ. ತಿಂಗಳ ಖರ್ಚು 30,000: ದಿನಸಿ, ತರಕಾರಿ, ಹಾಲು 12,000, ಬಾಡಿಗೆ 8,000, ಶಾಲೆ 3,000, ಓಡಾಟ 2,500, ಗ್ಯಾಸು, ಕರೆಂಟು 1,800, ಔಷಧಿ 1,200, ಫೋನು ಮತ್ತು ಇತರೆ 1,500. ಒಂದು ವರ್ಷದಲ್ಲಿ ಇವು ಇದೇ ಕ್ರಮದಲ್ಲಿ ಶೇ. 8, 5, 12, 4, 5, 10, 10 ಏರಿದವು ಎನ್ನಿ. ಏರಿದ ರೂಪಾಯಿ 960, 400, 360, 100, 90, 120, 150. ಒಟ್ಟು 2,180. ಈ ಮನೆಯ ಹಣದುಬ್ಬರ ಶೇ. 7.27. ಅದೇ ವರ್ಷ ಸಂಬಳ 35,000ದಿಂದ ಶೇ. 6 ಏರಿ 37,100 ಆಗಿದ್ದರೆ, 1.06ನ್ನು 1.0727ರಿಂದ ಭಾಗಿಸಿ. 0.988 ಬರುತ್ತದೆ. ಇನ್‌ಕ್ರಿಮೆಂಟ್ ಪತ್ರ ಕೈಯಲ್ಲಿದ್ದರೂ ಸಂಬಳದ ಕೊಳ್ಳುವ ಶಕ್ತಿ ಶೇ. 1.2 ಇಳಿದಿದೆ. ಸಂಬಳ ಪರಿಷ್ಕರಣೆಯ ಮಾತುಕತೆಗೆ ಹೋಗುವ ಕಾರ್ಮಿಕ ಪ್ರತಿನಿಧಿಗಳು ಇಂಥ ಹತ್ತು ಮನೆಗಳ ಲೆಕ್ಕ ಒಯ್ದರೆ, "ಎಲ್ಲಾ ತುಟ್ಟಿಯಾಗಿದೆ" ಎನ್ನುವುದಕ್ಕಿಂತ ಎಷ್ಟೋ ಹೆಚ್ಚು ತೂಕ ಬರುತ್ತದೆ.

ಇದರಲ್ಲಿ ಜನ ಎಡವುವುದು ಪ್ರಮಾಣ ಬರೆಯದೆ ಬರೀ ಮೊತ್ತ ಬರೆಯುವಾಗ. ಬೆಲೆ ಏರಿದಾಗ ನಾವು ಕಡಿಮೆ ಕೊಳ್ಳುತ್ತೇವೆ, ಬಿಲ್ಲು ಮೊದಲಿನಷ್ಟೇ ಬರುತ್ತದೆ, ಏರಿಕೆ ಲೆಕ್ಕಕ್ಕೇ ಸಿಗುವುದಿಲ್ಲ. ಅಕ್ಕಿ 25 ಕೆಜಿ, ತೊಗರಿಬೇಳೆ 3 ಕೆಜಿ, ಎಣ್ಣೆ 4 ಲೀಟರ್ ಎಂದು ಪ್ರಮಾಣ ಕಟ್ಟಿಹಾಕಿ, ಅಷ್ಟಕ್ಕೇ ಈಗ ಎಷ್ಟು ಎಂದು ನೋಡಬೇಕು. ಪ್ಯಾಕೆಟ್ಟಿನ ಮೇಲಿನ ತೂಕವನ್ನೂ ಓದಿ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ನೋಡಲು ಲೀಟರ್ ಪ್ಯಾಕೆಟ್ಟಿನಂತೆಯೇ ಇರುವುದರ ಮೇಲೆ 850 ಗ್ರಾಂ ಎಂದಿದ್ದರೆ, ಎಂಆರ್‌ಪಿ ಬದಲಾಗದಿದ್ದರೂ ಬೆಲೆ ಶೇ. 7 ಏರಿದಂತೆಯೇ. ತರಕಾರಿಗೆ ಮೂರು ತಿಂಗಳ ಸರಾಸರಿ ಹಿಡಿಯಿರಿ. 2023ರ ಜುಲೈನಲ್ಲಿ ಟೊಮೆಟೊ ಮುಂತಾದ ತರಕಾರಿಗಳಿಂದಾಗಿ ದೇಶದ ಹಣದುಬ್ಬರವೇ ಶೇ. 7.44 ಮುಟ್ಟಿತ್ತು, ಅಂಥ ಒಂದು ತಿಂಗಳನ್ನು ಹಿಡಿದು ವರ್ಷದ ತೀರ್ಮಾನ ಮಾಡಬಾರದು. ಶಾಲಾ ಶುಲ್ಕ, ವಿಮಾ ಕಂತು, ಹಬ್ಬದ ಬಟ್ಟೆ ಮುಂತಾದ ವರ್ಷಕ್ಕೊಮ್ಮೆಯ ಖರ್ಚನ್ನು 12ರಿಂದ ಭಾಗಿಸಿ ತಿಂಗಳಿಗೆ ಹಾಕಿ.

ಸಂಬಳ ಚೀಟಿ

ಆರ್ಥಿಕತೆ ಸೊರಗುವುದು ಕಾರ್ಖಾನೆಯಲ್ಲಿ ಮೊದಲು ಕಾಣುವುದು ಓಟಿಯಲ್ಲಿ, ಅಂದರೆ ಹೆಚ್ಚುವರಿ ಗಂಟೆಗಳ ಕೆಲಸದಲ್ಲಿ. ಆರ್ಡರ್ ಕಡಿಮೆಯಾದರೆ ಯಾವ ಮಾಲೀಕರೂ ಮೊದಲು ಕಾಯಂ ಕಾರ್ಮಿಕರನ್ನು ತೆಗೆಯುವುದಿಲ್ಲ. ಓಟಿ ನಿಲ್ಲುತ್ತದೆ, ಆಮೇಲೆ ಗುತ್ತಿಗೆಯವರ ಸಂಖ್ಯೆ ಇಳಿಯುತ್ತದೆ, ಆಮೇಲೆ ಶಿಫ್ಟು, ಕೊನೆಗೆ ಲೇ-ಆಫ್, ಅಂದರೆ ಕೆಲಸದಿಂದ ತೆಗೆಯದೆ ಸ್ವಲ್ಪ ಕಾಲ ಕೆಲಸ ಕೊಡದಿರುವುದು. ಓಟಿಗೆ ದುಪ್ಪಟ್ಟು ದರವಿರುವುದರಿಂದ ಅದು ನಿಂತ ಪೆಟ್ಟೂ ದೊಡ್ಡದು. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 18,000 ಇರುವವರಿಗೆ 26 ದಿನ, 8 ಗಂಟೆಯ ಲೆಕ್ಕದಲ್ಲಿ ಗಂಟೆಗೆ 86.5 ರೂಪಾಯಿ, ಓಟಿ ಗಂಟೆಗೆ 173. ತಿಂಗಳಿಗೆ 30 ಗಂಟೆ ಓಟಿ ಮಾಡಿದರೆ 5,192. ಒಟ್ಟು 23,192ಕ್ಕೆ ಹೊಂದಿಕೊಂಡ ಸಂಸಾರ ಓಟಿ ನಿಂತ ತಿಂಗಳು ಶೇ. 22 ಆದಾಯ ಕಳೆದುಕೊಳ್ಳುತ್ತದೆ, ಕೆಲಸ ಮಾತ್ರ ಹೋಗಿರುವುದಿಲ್ಲ.

ಅದಕ್ಕೇ ಸಾಲದ ಅರ್ಹತೆ ನೋಡುವಾಗ ಓಟಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಾಡಿಗೆ, ಕಂತು, ಶಾಲೆ, ದಿನಸಿ ಈ ನಾಲ್ಕು ಓಟಿ ಬಿಟ್ಟ ಸಂಬಳದೊಳಗೆ ಮುಗಿಯಬೇಕು. ಓಟಿ ದುಡ್ಡು ಬೇರೆ ಖಾತೆಗೆ ಹೋಗಲಿ. ಸಾಲ ಬೇಗ ತೀರಿಸಲು, ಆಪತ್ತಿನ ನಿಧಿ ಕಟ್ಟಲು ಅದು. ಓಟಿಯನ್ನು ನಂಬಿ ಬೈಕಿನ ಕಂತು ಶುರು ಮಾಡಿದವರೇ ಆರ್ಡರ್ ಕಡಿಮೆಯಾದ ಕಾಲ ಬಂದಾಗ ಕೈಸಾಲಕ್ಕೆ, ಅಲ್ಲಿಂದ ಮೀಟರ್ ಬಡ್ಡಿಗೆ ಜಾರುವುದು. ಇನ್ನೊಂದು ವಿಷಯ, ಓಟಿ ಸಂಬಳದ ಮೇಲೆ ಪಿಎಫ್ ಕಡಿತವಿಲ್ಲ. ಓಟಿಯಿಂದ ಕೈಗೆ ಬರುವುದು ಹೆಚ್ಚುತ್ತದೆಯೇ ಹೊರತು ನಿವೃತ್ತಿಯ ಗಂಟು ಬೆಳೆಯುವುದಿಲ್ಲ.

ಲೇ-ಆಫ್ ಆದರೆ, 50 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಒಂದು ವರ್ಷ ನಿರಂತರ ಸೇವೆ ಮಾಡಿದ ಕಾಯಂ ಕಾರ್ಮಿಕರಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಸಿಗಬೇಕು. ಎಚ್‌ಆರ್‌ಎ, ಸಾರಿಗೆ ಭತ್ಯೆ ಇದರಲ್ಲಿ ಸೇರುವುದಿಲ್ಲ. ಸಂಬಳವನ್ನು ಚೂರು ಚೂರು ಭತ್ಯೆಗಳಾಗಿ ಒಡೆದು ಮೂಲ ವೇತನ ಕಡಿಮೆ ತೋರಿಸಿದ್ದರೆ ಪೆಟ್ಟು ಬೀಳುವುದು ಇಲ್ಲಿ, ಪಿಎಫ್‌ನಲ್ಲಿ, ಗ್ರಾಚ್ಯುಟಿಯಲ್ಲಿ, ಮೂರೂ ಕಡೆ.

ತುಟ್ಟಿಭತ್ಯೆಯ ಕಡೆಗೆ ಬಂದರೆ, ಕರ್ನಾಟಕದಲ್ಲಿ ಕನಿಷ್ಠ ವೇತನದ ವ್ಯತ್ಯಾಸವಾಗುವ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ರಿಂದ ಬದಲಾಗುತ್ತದೆ. ಅದು ಆಗಲೇ ಆಗಿಹೋದ ಬೆಲೆ ಏರಿಕೆಗೆ ಸಿಗುವ ಪರಿಹಾರ. ಮುಂದಿನ ಹನ್ನೆರಡು ತಿಂಗಳ ಏರಿಕೆಯನ್ನು ಕಾರ್ಮಿಕರೇ ಹೊತ್ತುಕೊಳ್ಳಬೇಕು. ಏಪ್ರಿಲ್ ಮತ್ತು ಮಾರ್ಚ್ ಚೀಟಿಗಳನ್ನು ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ನೋಡಿ. ಭತ್ಯೆ ಏರಿದ್ದು ಕಂಡರೆ ಸಾಲದು, ಬೇರೆ ಯಾವ ಸಾಲಿನಲ್ಲಾದರೂ ಅಷ್ಟೇ ಇಳಿದಿದೆಯೇ ಎಂದೂ ನೋಡಬೇಕು. ಹಳೆಯ ವೇತನ ಒಪ್ಪಂದಗಳನ್ನು ಓದುವವರಿಗೆ ಇನ್ನೊಂದು ತೊಡಕು ಎದುರಾಗುತ್ತದೆ. ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕದ ಆಧಾರ ವರ್ಷ 2020ರಲ್ಲಿ 2001ರಿಂದ 2016ಕ್ಕೆ ಬದಲಾಯಿತು. ಹೊಸ ಅಂಕಿಯನ್ನು 2.88ರಿಂದ ಗುಣಿಸಿದರೆ ಹಳೆಯದಕ್ಕೆ ಸರಿಹೊಂದುತ್ತದೆ. ಹೊಸ ಸರಣಿಯ 140 ಎಂದರೆ ಹಳೆಯ ಸರಣಿಯ 403. ಒಪ್ಪಂದದಲ್ಲಿ ಹಳೆಯ ಸರಣಿಯ ಒಂದು ಅಂಶಕ್ಕೆ ಇಷ್ಟು ಪೈಸೆ ಎಂದು ಬರೆದಿದ್ದು, ಹೊಸ ಸರಣಿಯ ಏರಿಕೆಯನ್ನು ಗುಣಿಸದೆ ಹಿಡಿದರೆ ಬರಬೇಕಾದ ಭತ್ಯೆಯಲ್ಲಿ ಮೂರನೇ ಎರಡು ಭಾಗ ಮಾಯವಾಗುತ್ತದೆ.

ಆಪತ್ತಿನ ನಿಧಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಯಂ ನೌಕರರಿಗೆ ಮೂರು ತಿಂಗಳ, ಗುತ್ತಿಗೆಯವರಿಗೆ ಆರು ತಿಂಗಳ ಕಡ್ಡಾಯ ಖರ್ಚು ಇರಲಿ, ಕಂತೂ ಸೇರಿ. ಇಡುವ ಜಾಗ ಮುಖ್ಯ. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿದಂತೆ, ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಠೇವಣಿ ವಿಮಾ ಸಂಸ್ಥೆ ಡಿಐಸಿಜಿಸಿಯ ವಿಮೆ ಇದೆ. ನಾನು ಕೆಲಸ ಮಾಡುವಂಥ ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಸಂಘದ ಸಾಲ ಸುಲಭ, ಬಡ್ಡಿ ಹದ, ನಿಜ. ಆದರೂ ಕೆಲಸ ಹೋದರೆ ಊಟಕ್ಕೆ ಬೇಕಾಗುವ ದುಡ್ಡನ್ನು ಸದಸ್ಯರು ಬ್ಯಾಂಕಿನಲ್ಲೇ ಇಡಬೇಕು ಎಂದು ನಾನು ಹೇಳುತ್ತೇನೆ. ಕಾರ್ಖಾನೆಗೆ ಕಷ್ಟ ಬಂದಾಗ ಅದರ ನೌಕರರ ಸಂಘಕ್ಕೂ ಅದೇ ಹೊತ್ತಿಗೆ ಕಷ್ಟ ಬರುತ್ತದೆ.

ಕೊನೆಯದಾಗಿ ಪಿಎಫ್ ಪಾಸ್‌ಬುಕ್. ಕಾರ್ಮಿಕರ ಶೇ. 12 ಮತ್ತು ಮಾಲೀಕರ ಪಾಲನ್ನು ಮರುತಿಂಗಳ 15ರೊಳಗೆ ಕಟ್ಟಬೇಕು. ಕಂಪನಿಯ ಕೈಯಲ್ಲಿ ದುಡ್ಡು ಓಡಾಡದಿದ್ದಾಗ ಸಂಬಳ ತಡವಾಗುವ ಮೊದಲೇ ತಪ್ಪುವುದು ಸಾಮಾನ್ಯವಾಗಿ ಈ ಪಾವತಿ, ಏಕೆಂದರೆ ಸಂಬಳ ತಡವಾದರೆ ಅಂದೇ ಗಲಾಟೆ, ಪಿಎಫ್ ತಡವಾದರೆ ಯಾರೂ ನೋಡುವುದಿಲ್ಲ. ಪ್ರತಿ ತಿಂಗಳ 25ರಂದು ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆದು ಹಿಂದಿನ ತಿಂಗಳ ಜಮೆ ಬಂದಿದೆಯೇ ನೋಡಿ, ದಿನಾಂಕವನ್ನು ನೋಟ್‌ಬುಕ್ಕಿನಲ್ಲಿ ಆ ತಿಂಗಳ ಓಟಿ ಗಂಟೆಗಳ ಜೊತೆ ಬರೆದಿಡಿ. ಒಂದು ತಿಂಗಳು ತಪ್ಪಿದರೆ ಕಚೇರಿಯಲ್ಲಿ ಕೇಳಿ. ಎರಡು ತಿಂಗಳು ಸತತವಾಗಿ ಜಮೆಯಾಗದೆ, ಚೀಟಿಯಲ್ಲಿ ಮಾತ್ರ ಕಡಿತ ತೋರಿಸುತ್ತಿದ್ದರೆ, ಎರಡೂ ಚೀಟಿಗಳ ಫೋಟೊ ಹಾಕಿ ಭವಿಷ್ಯ ನಿಧಿ ಸಂಘಟನೆಯ ದೂರು ಪೋರ್ಟಲ್‌ನಲ್ಲಿ ದೂರು ಕೊಡಿ. ಹೊಸ ಸಾಲ, ಹೊಸ ಕಂತು, ಚೀಟಿ ವ್ಯವಹಾರ ಯಾವುದನ್ನೂ ಆ ತಿಂಗಳು ಶುರು ಮಾಡಬೇಡಿ.